ಅಂಕಿಯ ಹಿಂದಿನ ಮಕ್ಕಳು: ಅಮೆರಿಕದ ನಗರ ಶಾಲೆಗಳ ಫಲಿತಾಂಶ ಓದುವ ಬಗೆ

(ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಪೋಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಕೆಲವು ಭಾಗಗಳೂ ಸೇರಿವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಬಹಳಷ್ಟು ಮಂದಿ ಮನೆ ಹುಡುಕುವಾಗ ಎಲ್ಲಕ್ಕಿಂತ ಮೊದಲು ನೋಡಿದ್ದು ಆ ವಿಳಾಸಕ್ಕೆ ಸೇರಿದ ಎಲಿಮೆಂಟರಿ ಶಾಲೆಯ ರೇಟಿಂಗ್. ಒಂದರಿಂದ ಹತ್ತರೊಳಗಿನ ಒಂದು ಅಂಕಿ. ಎಂಟೋ ಒಂಬತ್ತೋ ಇದ್ದರೆ ಮುಂದಿನ ಮಾತು. ನಾಲ್ಕಿದ್ದರೆ ಆ ಬಡಾವಣೆಯನ್ನೇ ಪಟ್ಟಿಯಿಂದ ಹೊಡೆದುಹಾಕುತ್ತೇವೆ. ಆ ಅಂಕಿಯ ಕೆಳಗೆ ಇನ್ನೊಂದು ಕೋಷ್ಟಕ ಇರುತ್ತದೆ. ಹಿಸ್ಪ್ಯಾನಿಕ್ ಶೇಕಡಾ ಇಷ್ಟು, ಆಫ್ರಿಕನ್ ಅಮೆರಿಕನ್ ಇಷ್ಟು, ಬಿಳಿಯರು, ಏಷ್ಯನ್ನರು, ಕಡಿಮೆ ಆದಾಯದ ಮನೆಯವರು, ಇಂಗ್ಲಿಷ್ ಕಲಿಯುತ್ತಿರುವವರು. ಎರಡನ್ನೂ ಒಟ್ಟಿಗೆ ಓದಿ, ಬಾಯಿಬಿಟ್ಟು ಹೇಳದೆ, ಮನಸ್ಸಿನಲ್ಲೇ ಒಂದು ತೀರ್ಮಾನಕ್ಕೆ ಬರುತ್ತೇವೆ.

ಇವತ್ತಿನ ನನ್ನ ಮಾತು ಆ ತೀರ್ಮಾನದ ಬಗ್ಗೆ. ನಾನು ಹಲವು ವರ್ಷಗಳಿಂದ ನಗರದೊಳಗಿನ ಒಂದು ಪಬ್ಲಿಕ್, ಅಂದರೆ ಸರ್ಕಾರಿ, ಎಲಿಮೆಂಟರಿ ಶಾಲೆಯ ಪೋಷಕರ ಸಮಿತಿಯಲ್ಲಿದ್ದೇನೆ. ಫಲಿತಾಂಶ ಬಂದಾಗಲೆಲ್ಲ ಆ ಕೋಷ್ಟಕಗಳನ್ನು ಸಾಲು ಸಾಲಾಗಿ ಓದಿ ಉಳಿದ ಪೋಷಕರಿಗೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಿಂದ ನನಗೆ ಗಟ್ಟಿಯಾದ ನಂಬಿಕೆ ಇದು: ಶಾಲೆಯ ಬಾಗಿಲಿಗೆ ಯಾವ ಮನೆಯ ಮಕ್ಕಳು ಬಂದರು ಎಂಬುದನ್ನು ಆ ಅಂಕಿ ಚೆನ್ನಾಗಿ ಹೇಳುತ್ತದೆ. ಬಂದ ಮಕ್ಕಳಿಗೆ ಶಾಲೆ ಏನು ಕಲಿಸಿತು ಎಂಬುದನ್ನು ಬಹಳ ಕಡಿಮೆ ಹೇಳುತ್ತದೆ.

ಮೊದಲು ಪರೀಕ್ಷೆಯ ವಿಷಯ ತೆಗೆದುಕೊಳ್ಳೋಣ. 2002ರ ಜನವರಿಯಲ್ಲಿ ಅಧ್ಯಕ್ಷ ಬುಷ್ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಗೆ ಸಹಿ ಹಾಕಿದರು. 2015ರ ಡಿಸೆಂಬರಿನಲ್ಲಿ ಅಧ್ಯಕ್ಷ ಒಬಾಮ ಅದರ ಜಾಗಕ್ಕೆ ‘ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್’ ಕಾಯ್ದೆ ತಂದರು. ಎರಡರಲ್ಲೂ ಬದಲಾಗದೆ ಉಳಿದ ನಿಯಮ ಒಂದಿದೆ. ಓದು ಮತ್ತು ಗಣಿತದಲ್ಲಿ 3ರಿಂದ 8ನೇ ಗ್ರೇಡ್‌ವರೆಗೆ ಪ್ರತಿ ವರ್ಷ ರಾಜ್ಯಮಟ್ಟದ ಪರೀಕ್ಷೆ ನಡೆಯಬೇಕು. ಎಲಿಮೆಂಟರಿ ಶಾಲೆ ಸಾಮಾನ್ಯವಾಗಿ ಕಿಂಡರ್‌ಗಾರ್ಟನ್‌ನಿಂದ 5ನೇ ಗ್ರೇಡ್‌ವರೆಗೆ ಇರುತ್ತದೆ. ಅಂದರೆ ಆರು ತರಗತಿಗಳಲ್ಲಿ ಪರೀಕ್ಷೆ ಬರೆಯುವವರು ಮೂರೇ ತರಗತಿಯವರು. ನೀವು ನೋಡುವ ‘ಶಾಲೆಯ ಫಲಿತಾಂಶ’ದೊಳಗೆ ಅರ್ಧ ಶಾಲೆ ಇಲ್ಲವೇ ಇಲ್ಲ.

ಇಲ್ಲದ ಅರ್ಧ ಯಾವುದು ನೋಡಿ. ಕಿಂಡರ್‌ಗಾರ್ಟನ್, ಒಂದು, ಎರಡು. ಅಕ್ಷರಕ್ಕೂ ಸದ್ದಿಗೂ ಇರುವ ನಂಟು ಮಗುವಿಗೆ ಹತ್ತುವುದು ಅಲ್ಲಿ. ಹತ್ತರ ಮೇಲೆ ಎಣಿಸಲು ಬಾರದ ಮಗು ಕೂಡಿ ಕಳೆಯುವಷ್ಟು ಬೆಳೆಯುವುದೂ ಅಲ್ಲೇ. ಶಾಲೆಯೊಂದು ಮಾಡುವ ಅತಿ ಕಷ್ಟದ, ಅತಿ ಮುಖ್ಯದ ಕೆಲಸ ನಡೆಯುವ ಮೂರು ವರ್ಷಗಳು ಅಧಿಕೃತ ಲೆಕ್ಕಕ್ಕೆ ಬರುವುದಿಲ್ಲ. ‘ಸರಾಸರಿ ಬೇಡ, ಪ್ರಗತಿ ನೋಡಿ’ ಎಂದು ನಾನೇ ಸ್ವಲ್ಪ ಹೊತ್ತಿನಲ್ಲಿ ಹೇಳಲಿದ್ದೇನೆ. ಆದರೆ ಅಲ್ಲೂ ಒಂದು ತೊಡಕಿದೆ. ಪ್ರಗತಿ ಅಳೆಯಬೇಕಾದರೆ ಒಂದೇ ಮಗುವಿನ ಎರಡು ವರ್ಷದ ಅಂಕ ಬೇಕು. ಹಾಗಾಗಿ 3ನೇ ಗ್ರೇಡ್ ಬರೀ ಆರಂಭದ ಗೆರೆಯಾಗುತ್ತದೆ, ಲೆಕ್ಕಕ್ಕೆ ಸಿಗುವುದು 4 ಮತ್ತು 5 ಮಾತ್ರ. ಕಿಂಡರ್‌ಗಾರ್ಟನ್‌ನಲ್ಲಿ ಹಿಂದೆ ಇದ್ದ ಮಗುವನ್ನು ಮೂರನೆಯ ಗ್ರೇಡ್ ಹೊತ್ತಿಗೆ ದಡ ಮುಟ್ಟಿಸಿದ ಶಿಕ್ಷಕಿಯ ಶ್ರಮ ಪ್ರಗತಿಯ ಅಂಕಿಯಲ್ಲೂ ಕಾಣುವುದಿಲ್ಲ. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ. ಆ ಪುಟ್ಟ ತರಗತಿಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ ಯಾರಿಗೂ ಇದು ನೋವೇ.

ಇನ್ನು ಸಂಖ್ಯೆಯ ಗಾತ್ರ. ಒಂದು ಗ್ರೇಡ್‌ನಲ್ಲಿ 60 ಮಕ್ಕಳಿದ್ದಾರೆ ಎಂದುಕೊಳ್ಳಿ. ಕಳೆದ ವರ್ಷ 24 ಮಕ್ಕಳು ಪಾಸಾದರು, ಶೇ. 40. ಈ ವರ್ಷ 27 ಮಕ್ಕಳು, ಶೇ. 45. ‘ಐದು ಅಂಕ ಏರಿಕೆ’ ಎಂದು ಪ್ರಿನ್ಸಿಪಾಲರ ಪತ್ರ ಬರುತ್ತದೆ. ಏರಿದ್ದು ಮೂರು ಮಕ್ಕಳು. ಅದೂ ಹೋದ ವರ್ಷದ ಮೂರನೇ ಗ್ರೇಡ್‌ನವರು ಬೇರೆ, ಈ ವರ್ಷದವರು ಬೇರೆ. ಒಂದು ಕುಟುಂಬ ಬಾಡಿಗೆ ಹೆಚ್ಚಾಯಿತೆಂದು ಊರು ಬಿಟ್ಟರೆ, ಇನ್ನೊಂದು ಕುಟುಂಬ ಬಂದರೆ, ಅಂಕಿ ಅಷ್ಟು ಅಲುಗಾಡುತ್ತದೆ. ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ ಎಂಬ ಅರ್ಥಶಾಸ್ತ್ರಜ್ಞರು ಎರಡು ದಶಕಗಳ ಹಿಂದೆಯೇ ಇದನ್ನು ತೋರಿಸಿದ್ದಾರೆ. ಚಿಕ್ಕ ಶಾಲೆಗಳು ಪಟ್ಟಿಯ ತುದಿಯಲ್ಲೂ ತಳದಲ್ಲೂ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಲ್ಲಿ ಪವಾಡವೋ ಅನಾಹುತವೋ ನಡೆದಿದ್ದರಿಂದಲ್ಲ, ಮಕ್ಕಳ ಸಂಖ್ಯೆ ಕಡಿಮೆ ಇರುವುದರಿಂದ. ಒಂದು ವರ್ಷದ ಏರಿಳಿತಕ್ಕೆ ಅರ್ಥ ಹಚ್ಚಬೇಡಿ. ಮೂರು ವರ್ಷ ಒಟ್ಟಿಗೆ ಇಟ್ಟು ನೋಡಿ.

‘ಪ್ರೊಫಿಶಿಯೆಂಟ್’ ಎಂಬ ಗೆರೆಯ ಬಗ್ಗೆಯೂ ಒಂದು ಎಚ್ಚರ ಬೇಕು. ಪಾಸಿನ ಗೆರೆಯನ್ನು ಪ್ರತಿ ರಾಜ್ಯವೂ ತಾನೇ ಎಳೆದುಕೊಳ್ಳುತ್ತದೆ. ರಾಷ್ಟ್ರಮಟ್ಟದ ಎನ್‌ಎಇಪಿ ಪರೀಕ್ಷೆಯ ಗೆರೆ ಇನ್ನೂ ಮೇಲಿದೆ. ಅದರಲ್ಲಿ 4ನೇ ಗ್ರೇಡ್ ಓದಿನಲ್ಲಿ ಪ್ರೊಫಿಶಿಯೆಂಟ್ ಮುಟ್ಟಿದವರು 2019ರಲ್ಲಿ ಶೇ. 35, 2022ರಲ್ಲಿ ಶೇ. 33, 2024ರಲ್ಲಿ ಶೇ. 31. ಇದನ್ನು ‘ಅಮೆರಿಕದ ಮೂರರಲ್ಲಿ ಎರಡು ಮಕ್ಕಳಿಗೆ ಓದಲು ಬಾರದು’ ಎಂದು ಹಂಚುವವರಿದ್ದಾರೆ. ಅದು ತಪ್ಪು ಓದು. ಎನ್‌ಎಇಪಿಯ ಪ್ರೊಫಿಶಿಯೆಂಟ್ ಎಂದರೆ ತರಗತಿಗೆ ತಕ್ಕ ಮಟ್ಟಕ್ಕಿಂತ ಎತ್ತರದ ಮಟ್ಟ. ನಿಜವಾಗಿ ಆತಂಕಪಡಬೇಕಾದದ್ದು ಅದರ ಕೆಳಗಿನ ‘ಬೇಸಿಕ್’ ಎಂಬ ಮಟ್ಟವನ್ನೂ ಮುಟ್ಟದೆ ಉಳಿದವರ ಬಗ್ಗೆ. 2024ರಲ್ಲಿ ಅವರು ಶೇ. 40 ಇದ್ದರು.

ಈಗ ಕೆಳಗಿನ ಕೋಷ್ಟಕಕ್ಕೆ ಬರೋಣ, ಯಾರು ಯಾರು ಎಷ್ಟೆಷ್ಟು ಎಂಬುದಕ್ಕೆ. ಮಕ್ಕಳನ್ನು ಗುಂಪಾಗಿ ವಿಂಗಡಿಸಿ ಫಲಿತಾಂಶ ಪ್ರಕಟಿಸಬೇಕೆಂದು ಕಡ್ಡಾಯ ಮಾಡಿದ್ದು 2002ರ ಕಾಯ್ದೆ. 2014ರೊಳಗೆ ಎಲ್ಲ ಮಕ್ಕಳೂ ಶೇ. 100 ಪ್ರೊಫಿಶಿಯೆಂಟ್ ಆಗಬೇಕೆಂಬ ಗುರಿ ಇಟ್ಟದ್ದೂ ಅದೇ. ಯಾವ ರಾಜ್ಯವೂ ಆ ಗುರಿ ಮುಟ್ಟಲಿಲ್ಲ. ಮುಟ್ಟಲೇಬೇಕೆಂಬ ಒತ್ತಡದಲ್ಲಿ ಆದ ಕೆಡುಕೂ ಸಣ್ಣದಲ್ಲ. ಅಟ್ಲಾಂಟಾದಲ್ಲಿ ಉತ್ತರ ಪತ್ರಿಕೆ ತಿದ್ದಿದ ಪ್ರಕರಣದ ರಾಜ್ಯ ತನಿಖೆ 2011ರಲ್ಲಿ 44 ಶಾಲೆಗಳ 178 ಶಿಕ್ಷಕರು ಮತ್ತು ಪ್ರಿನ್ಸಿಪಾಲರನ್ನು ಹೆಸರಿಸಿತು. ಇಷ್ಟಾದರೂ ಗುಂಪುವಾರು ಲೆಕ್ಕ ಬೇಕು ಎಂಬ ಕಡೆಗೇ ನನ್ನ ಮತ. ಅದಕ್ಕೆ ಮೊದಲು ಶಾಲೆಯ ಸರಾಸರಿ ಚೆನ್ನಾಗಿದ್ದರೆ ಸಾಕಿತ್ತು, ಅದರೊಳಗೆ ಬಡ ಮಕ್ಕಳೋ ಅಂಗವಿಕಲ ಮಕ್ಕಳೋ ಏನೂ ಕಲಿಯದೆ ಉಳಿದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಈಗ ಕೇಳಲು ಒಂದು ಆಧಾರ ಇದೆ.

ಆದರೆ ಆ ಗುಂಪುಗಳು ಹೇಗೆ ಹುಟ್ಟುತ್ತವೆ ಎಂದು ತಿಳಿದಿರಬೇಕು. ‘ಕಡಿಮೆ ಆದಾಯ’ ಎಂಬ ಸಾಲನ್ನೇ ತೆಗೆದುಕೊಳ್ಳಿ. ಈ ಸಾಲಿಗೆಂದೇ ಶಾಲೆ ಯಾರ ಸಂಬಳವನ್ನೂ ಕೇಳುವುದಿಲ್ಲ. 1946ರಲ್ಲಿ ಶುರುವಾದ ಮಧ್ಯಾಹ್ನದ ಊಟದ ಯೋಜನೆಯಿಂದ ಬರುವ ಲೆಕ್ಕ ಅದು. ಕುಟುಂಬದ ಆದಾಯ ಫೆಡರಲ್ ಬಡತನ ರೇಖೆಯ ಶೇ. 130ರ ಒಳಗಿದ್ದರೆ ಊಟ ಉಚಿತ, ಶೇ. 185ರ ಒಳಗಿದ್ದರೆ ರಿಯಾಯಿತಿ. ದಶಕಗಟ್ಟಲೆ ಸಂಶೋಧಕರು ಬಡತನವನ್ನು ಅಳೆದದ್ದು ಈ ಊಟದ ಅರ್ಜಿಗಳ ಎಣಿಕೆಯಿಂದ. 2010ರ ಕಾಯ್ದೆಯೊಂದು ಇದನ್ನು ಬದಲಿಸಿತು. ಬಡ ಮಕ್ಕಳು ಹೆಚ್ಚಿರುವ ಶಾಲೆ ಅರ್ಜಿಯೇ ಇಲ್ಲದೆ ಎಲ್ಲರಿಗೂ ಉಚಿತ ಊಟ ಕೊಡಬಹುದು. ಆಹಾರ ಸಹಾಯಧನದಂಥ ಯೋಜನೆಗಳಲ್ಲಿ ಈಗಾಗಲೇ ಇರುವ ಮಕ್ಕಳು ಶೇ. 40 ಇದ್ದರೆ ಶಾಲೆ ಅರ್ಹ ಎಂದಿತ್ತು. 2023ರಲ್ಲಿ ಅದನ್ನು ಶೇ. 25ಕ್ಕೆ ಇಳಿಸಿದರು. ಮಕ್ಕಳ ಹೊಟ್ಟೆಗೆ ಇದು ಬಹಳ ಒಳ್ಳೆಯ ನಿರ್ಧಾರ. ಊಟದ ಸಾಲಿನಲ್ಲಿ ಯಾರು ಬಡವರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅಂಕಿಅಂಶಕ್ಕೆ ಮಾತ್ರ ಗೊಂದಲವಾಯಿತು. ಕೆಲವು ಕಡೆ ಅಂಥ ಶಾಲೆಯ ಮುಂದೆ ‘ಶೇ. 100 ಕಡಿಮೆ ಆದಾಯ’ ಎಂದು ಬರುತ್ತದೆ, ಒಳಗೆ ವೈದ್ಯರ ಮಕ್ಕಳೂ ಇರಬಹುದು. ಜೊತೆಗೆ ಈ ಸಾಲು ಬಡತನದ ಆಳವನ್ನು ಹೇಳುವುದಿಲ್ಲ. ರೇಖೆಯ ಅಂಚಿನಲ್ಲಿ ಎರಡು ಕೆಲಸ ಮಾಡಿಕೊಂಡು ಬದುಕುವ ಮನೆ, ಮತ್ತು ಬಾಡಿಗೆ ಕಟ್ಟಲಾಗದೆ ಬಂಧುಗಳ ಹಜಾರದಲ್ಲಿ ಮಲಗುವ ಕುಟುಂಬ, ಎರಡೂ ಒಂದೇ ಖಾನೆ. ಎರಡನೆಯ ಕುಟುಂಬದ ಮಕ್ಕಳಿಗೆ 1987ರ ಮೆಕಿನಿ-ವೆಂಟೋ ಕಾಯ್ದೆ ಒಂದು ಹಕ್ಕು ಕೊಟ್ಟಿದೆ, ಮನೆ ಎಲ್ಲಿಗೆ ಬದಲಾದರೂ ಮೊದಲಿನ ಶಾಲೆಯಲ್ಲೇ ಮುಂದುವರಿಯಬಹುದು. ನಗರದ ಶಾಲೆಗಳಲ್ಲಿ ಇಂಥ ಮಕ್ಕಳು ನಾವು ಊಹಿಸುವುದಕ್ಕಿಂತ ಹೆಚ್ಚು.

‘ಏಷ್ಯನ್’ ಎಂಬ ಸಾಲು ನಮ್ಮನ್ನು ನೇರವಾಗಿ ಮುಟ್ಟುವಂಥದ್ದು. ನಮ್ಮ ಮಕ್ಕಳು ಅಲ್ಲಿದ್ದಾರೆ. ಅದೇ ಖಾನೆಯಲ್ಲಿ ಭೂತಾನದಿಂದ ಹೊರದೂಡಲ್ಪಟ್ಟು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು, 2008ರ ನಂತರ ಓಹಾಯೊದ ಕೊಲಂಬಸ್, ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್‌ನಂಥ ನಗರಗಳಿಗೆ ಬಂದು ಸೇರಿದ ನೇಪಾಳಿ ಮಾತಿನ ಕುಟುಂಬಗಳ ಮಕ್ಕಳೂ ಇದ್ದಾರೆ. ಬರ್ಮಾದ ನಿರಾಶ್ರಿತರಿದ್ದಾರೆ, ಲಾವೋಸ್ ಕಡೆಯಿಂದ ಬಂದ ಹ್ಮಾಂಗ್ ಜನರಿದ್ದಾರೆ. ಸಾಫ್ಟ್‌ವೇರ್ ಕಂಪನಿಯ ವೀಸಾದ ಮೇಲೆ ಬಂದ, ಇಬ್ಬರೂ ಪದವೀಧರರಾದ ತಂದೆತಾಯಿಯ ಮಗುವಿಗೂ ಶಿಬಿರದಲ್ಲಿ ಹುಟ್ಟಿದ ಮಗುವಿಗೂ ಸೇರಿ ಒಂದು ಸರಾಸರಿ ಬಂದರೆ ಅದು ಇಬ್ಬರಲ್ಲಿ ಯಾರದ್ದೂ ಅಲ್ಲ. ‘ಏಷ್ಯನ್ ಮಕ್ಕಳು ಸಹಜವಾಗಿಯೇ ಜಾಣರು’ ಎಂಬ ಮಾತನ್ನು ನಮ್ಮವರೇ ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ವೀಸಾ ನಿಯಮಗಳು ಯಾರನ್ನು ಆರಿಸಿ ಈ ದೇಶಕ್ಕೆ ತಂದವು ಎಂಬುದರ ಫಲಿತಾಂಶವನ್ನು ರಕ್ತದ ಗುಣ ಎಂದುಕೊಳ್ಳುವುದು ಬೇಡ. ಹಾಗೆ ಅಂದುಕೊಂಡರೆ ಪಕ್ಕದ ಖಾನೆಯ ಮಕ್ಕಳ ಬಗ್ಗೆ ಅದರ ಉಲ್ಟಾ ಮಾತನ್ನೂ ನಂಬಬೇಕಾಗುತ್ತದೆ.

ಇಂಗ್ಲಿಷ್ ಕಲಿಯುವವರ ಸಾಲಿನ ಲೆಕ್ಕ ಇನ್ನೂ ವಿಚಿತ್ರ. ಇಂಗ್ಲಿಷ್ ಚೆನ್ನಾಗಿ ಬಂದ ಮಗು ಆ ಗುಂಪಿನಿಂದ ಹೊರಬೀಳುತ್ತದೆ. ಅದರ ಜಾಗಕ್ಕೆ ಹೋದ ತಿಂಗಳು ವಿಮಾನ ಇಳಿದ ಮಗು ಬರುತ್ತದೆ. ಹೀಗಾಗಿ ಶಾಲೆ ಎಷ್ಟೇ ಚೆನ್ನಾಗಿ ಕಲಿಸಿದರೂ ಗುಂಪಿನ ಅಂಕ ಕೆಳಗೇ ಇರುತ್ತದೆ, ಯಶಸ್ಸು ಕಂಡವರು ಎಣಿಕೆಯಲ್ಲಿ ಉಳಿಯುವುದಿಲ್ಲವಲ್ಲ. 2015ರ ಕಾಯ್ದೆ, ಹೊರಬಂದ ಮಕ್ಕಳನ್ನು ನಾಲ್ಕು ವರ್ಷದವರೆಗೆ ಅದೇ ಗುಂಪಿನಲ್ಲಿ ಎಣಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ಒಂದು ರಾಜ್ಯದ ಅಂಕಿಯನ್ನು ಇನ್ನೊಂದರ ಜೊತೆ ಇಟ್ಟು ನೋಡುವ ಮೊದಲು ಯಾರನ್ನು ಎಣಿಸಿದ್ದಾರೆ ಎಂದು ಕೇಳಬೇಕು.

ಗುಂಪಿನ ಪ್ರಮಾಣ ಸರಾಸರಿಯನ್ನು ಹೇಗೆ ತಿರುಚುತ್ತದೆ ಎಂಬುದಕ್ಕೆ ಬೋರ್ಡಿನ ಮೇಲೆ ಒಂದು ಕಾಲ್ಪನಿಕ ಲೆಕ್ಕ ಬರೆದಿದ್ದೆ. ಎರಡು ಶಾಲೆ, ಎರಡರಲ್ಲೂ ಪರೀಕ್ಷೆ ಬರೆದವರು 200 ಮಕ್ಕಳು. ಮೊದಲನೆಯದರಲ್ಲಿ ಅನುಕೂಲಸ್ಥ ಮನೆಯವರು 150, ಅವರಲ್ಲಿ ಶೇ. 70 ಪಾಸು, ಅಂದರೆ 105. ಬಡ ಮನೆಯವರು 50, ಶೇ. 30 ಪಾಸು, 15. ಒಟ್ಟು 120, ಶಾಲೆಯ ಫಲಿತಾಂಶ ಶೇ. 60. ಎರಡನೆಯದರಲ್ಲಿ ಅನುಕೂಲಸ್ಥರು 50, ಶೇ. 80 ಪಾಸು, 40. ಬಡವರು 150, ಶೇ. 40 ಪಾಸು, 60. ಒಟ್ಟು 100, ಫಲಿತಾಂಶ ಶೇ. 50. ಎರಡನೆಯ ಶಾಲೆಯಲ್ಲಿ ಅನುಕೂಲಸ್ಥ ಮಕ್ಕಳೂ ಮುಂದೆ, ಬಡ ಮಕ್ಕಳೂ ಮುಂದೆ, ಎರಡು ಗುಂಪಿನಲ್ಲೂ ಹತ್ತು ಹತ್ತು ಅಂಕ. ಆದರೂ ರೇಟಿಂಗ್ ಪಟ್ಟಿಯಲ್ಲಿ ಅದು ಹತ್ತು ಅಂಕ ಕೆಳಗೆ. ಸಭೆಯಲ್ಲಿ ಇದನ್ನು ಬರೆದಾಗ ಹಲವರು ಫೋನ್ ತೆಗೆದು ಲೆಕ್ಕ ಹಾಕಿ ನೋಡಿದರು. ನೀವೂ ನೋಡಿ, ಸರಿಯಾಗಿದೆ.

ಮನೆಯ ಪ್ರಭಾವ ಇಷ್ಟಿದೆ ಎಂಬುದು ಹೊಸ ಮಾತಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಅಡಿಯಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ನೇತೃತ್ವದಲ್ಲಿ ದೊಡ್ಡ ಅಧ್ಯಯನವೊಂದು ನಡೆಯಿತು. ಸುಮಾರು 4,000 ಶಾಲೆ, 6 ಲಕ್ಷದಷ್ಟು ಮಕ್ಕಳು. 1966ರಲ್ಲಿ ವರದಿ ಬಂತು. ಕಟ್ಟಡ, ಗ್ರಂಥಾಲಯ, ಖರ್ಚು ಇವುಗಳಿಗಿಂತ ಮಗುವಿನ ಮನೆಯ ಹಿನ್ನೆಲೆ, ಜೊತೆಗೆ ಕೂರುವ ಮಕ್ಕಳ ಹಿನ್ನೆಲೆ ಅಂಕಗಳನ್ನು ಹೆಚ್ಚು ನಿರ್ಧರಿಸುತ್ತದೆ ಎಂದು ಅದು ಹೇಳಿತು. ‘ಹಾಗಾದರೆ ಶಾಲೆಯಿಂದ ಏನೂ ಆಗದು’ ಎಂದು ಬಹಳ ಜನ ಅದನ್ನು ಓದಿಕೊಂಡರು. ಅದೇ ವರದಿಯ ಇನ್ನೊಂದು ಮಾತು ಅಷ್ಟು ಪ್ರಚಾರವಾಗಲಿಲ್ಲ. ಅನುಕೂಲವಿಲ್ಲದ ಮಕ್ಕಳಿಗೆ ಶಾಲೆಯ ಗುಣಮಟ್ಟದಿಂದ ಆಗುವ ವ್ಯತ್ಯಾಸ, ಅನುಕೂಲಸ್ಥರಿಗೆ ಆಗುವುದಕ್ಕಿಂತ ಹೆಚ್ಚು. ನಮ್ಮ ಮಕ್ಕಳು ಎಂಥ ಶಾಲೆಯಲ್ಲಾದರೂ ಓದು ಕಲಿತುಬಿಡಬಹುದು, ಮನೆಯಲ್ಲಿ ನಾವಿದ್ದೇವೆ. ಯಾರ ಮನೆಯಲ್ಲಿ ಹೇಳಿಕೊಡಲು ಯಾರೂ ಇಲ್ಲವೋ ಅವರಿಗೆ ಶಾಲೆಯೇ ಎಲ್ಲ.

ಹಾಗಾದರೆ ಶಾಲೆ ಮಾಡಿದ್ದನ್ನು ಬೇರ್ಪಡಿಸಿ ನೋಡುವುದು ಹೇಗೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಮತ್ತು ಅವರ ತಂಡ ದೇಶದಲ್ಲಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕಗಳಾದ ಎಲ್ಲ ಡಿಸ್ಟ್ರಿಕ್ಟ್‌ಗಳ ಕೋಟಿಗಟ್ಟಲೆ ಪರೀಕ್ಷಾ ಫಲಿತಾಂಶಗಳನ್ನು ಒಂದೇ ಅಳತೆಗೆ ತಂದರು. ಸರಾಸರಿ ಅಂಕಕ್ಕೂ ಕುಟುಂಬಗಳ ಆರ್ಥಿಕ ಸ್ಥಿತಿಗೂ ಬಲವಾದ ನಂಟು ಕಂಡಿತು, ನಿರೀಕ್ಷಿಸಿದ ಹಾಗೆಯೇ. ಆದರೆ ವರ್ಷದಿಂದ ವರ್ಷಕ್ಕೆ ಮಕ್ಕಳು ಎಷ್ಟು ಮುಂದೆ ಹೋದರು ಎಂದು ನೋಡಿದಾಗ ಆ ನಂಟು ತೀರಾ ಸಡಿಲವಾಯಿತು. ಬಡ ಡಿಸ್ಟ್ರಿಕ್ಟ್‌ಗಳಲ್ಲಿ ವೇಗವಾಗಿ ಕಲಿಯುವವರೂ ಇದ್ದರು, ಶ್ರೀಮಂತ ಡಿಸ್ಟ್ರಿಕ್ಟ್‌ಗಳಲ್ಲಿ ನಿಧಾನದವರೂ ಇದ್ದರು.

ಇದರಲ್ಲಿ ಎದ್ದು ಕಂಡ ಊರು ಶಿಕಾಗೊ. 1987ರಲ್ಲಿ ಫೆಡರಲ್ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್ ಅಲ್ಲಿನ ಶಾಲೆಗಳನ್ನು ದೇಶದಲ್ಲೇ ಅತ್ಯಂತ ಕೆಟ್ಟವು ಎಂದು ಕರೆದಿದ್ದರು. ರಿಯರ್ಡನ್ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಶಿಕಾಗೊ ಮಕ್ಕಳು 3ನೇ ಗ್ರೇಡ್‌ನಲ್ಲಿ ರಾಷ್ಟ್ರದ ಸರಾಸರಿಗಿಂತ ಹಿಂದಿದ್ದರೂ 8ನೇ ಗ್ರೇಡ್ ಹೊತ್ತಿಗೆ, ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿತಿದ್ದರು. ದೊಡ್ಡ ನಗರಗಳಲ್ಲಿ ಅಂಥ ವೇಗ ಬೇರೆಲ್ಲೂ ಇರಲಿಲ್ಲ. ಸರಾಸರಿ ಅಂಕವನ್ನಷ್ಟೇ ನೋಡಿ ಮನೆ ಹುಡುಕಿದವರಿಗೆ ಆ ಊರಿನ ಶಾಲೆಗಳು ‘ಕೆಟ್ಟ’ ಶಾಲೆಗಳಾಗಿಯೇ ಉಳಿದಿರುತ್ತವೆ.

ಶಿಕಾಗೊದಲ್ಲಿ ಏನು ಕೆಲಸ ಮಾಡಿತು ಎಂಬುದನ್ನು ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧನಾ ಒಕ್ಕೂಟ 1990ರಿಂದ ಬೆನ್ನುಬಿಡದೆ ನೋಡಿದೆ. ಆಂಥನಿ ಬ್ರೈಕ್ ಮತ್ತು ಸಂಗಡಿಗರು ಸುಧಾರಿಸಿದ ಎಲಿಮೆಂಟರಿ ಶಾಲೆಗಳನ್ನೂ ನಿಂತಲ್ಲೇ ನಿಂತ ಶಾಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಪ್ರಿನ್ಸಿಪಾಲರ ಮುಂದಾಳತ್ವ, ಪೋಷಕರ ಜೊತೆಗಿನ ಬಾಂಧವ್ಯ, ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯುವ ರೂಢಿ, ಮಕ್ಕಳಿಗೆ ಭಯವಿಲ್ಲದ ವಾತಾವರಣ, ತರಗತಿಯಿಂದ ತರಗತಿಗೆ ಕೊಂಡಿಯಾಗುವ ಪಾಠಕ್ರಮ. ಇವುಗಳಲ್ಲಿ ಬಹುಪಾಲು ಗಟ್ಟಿಯಿದ್ದ ಶಾಲೆಗಳು ಸುಧಾರಿಸುವ ಸಾಧ್ಯತೆ, ದುರ್ಬಲ ಶಾಲೆಗಳಿಗಿಂತ ಹತ್ತು ಪಟ್ಟು ಹೆಚ್ಚಿತ್ತು. ಇವೆಲ್ಲದರ ಅಡಿಯಲ್ಲಿ ಅವರಿಗೆ ಕಂಡದ್ದು ದೊಡ್ಡವರ ನಡುವಿನ ನಂಬಿಕೆ. ನಾನು ನೋಡಿದ ಮಟ್ಟಿಗೂ ಅದು ನಿಜ. ಪ್ರಿನ್ಸಿಪಾಲರು ವರ್ಷಕ್ಕೊಬ್ಬರು ಬದಲಾಗುವ ಶಾಲೆಯಲ್ಲಿ ಮಿಕ್ಕ ಯಾವುದೂ ನಿಲ್ಲುವುದಿಲ್ಲ.

ತರಗತಿಯ ಗಾತ್ರದ ಬಗ್ಗೆ ಟೆನ್ನೆಸಿಯ ಪ್ರಯೋಗ ಎಲ್ಲರೂ ತಿಳಿದಿರಬೇಕಾದದ್ದು. 1985ರಿಂದ ನಾಲ್ಕು ವರ್ಷ, ಕಿಂಡರ್‌ಗಾರ್ಟನ್‌ನಿಂದ 3ನೇ ಗ್ರೇಡ್‌ವರೆಗೆ, ಚೀಟಿ ಎತ್ತಿದ ಹಾಗೆ ಮಕ್ಕಳನ್ನು 13ರಿಂದ 17 ಮಕ್ಕಳ ತರಗತಿಗೋ 22ರಿಂದ 25 ಮಕ್ಕಳ ತರಗತಿಗೋ ಹಂಚಿದರು. ಚಿಕ್ಕ ತರಗತಿಯ ಮಕ್ಕಳು ಮುಂದೆ ಹೋದರು, ಆಫ್ರಿಕನ್ ಅಮೆರಿಕನ್ ಮಕ್ಕಳಿಗೆ ಆದ ಲಾಭ ಇನ್ನೂ ಹೆಚ್ಚು. ಮತ್ತೆ ನೋಡಿ, ಬಹುಪಾಲು ಪರೀಕ್ಷೆಯ ಲೆಕ್ಕಕ್ಕೆ ಬಾರದ ಆ ಮೊದಲ ವರ್ಷಗಳೇ.

ಒಂದು ನಗರದೊಳಗೆ ಎರಡು ಮೈಲಿ ಅಂತರದ ಎರಡು ಶಾಲೆಗಳ ಮಕ್ಕಳು ಇಷ್ಟು ಬೇರೆ ಬೇರೆ ಯಾಕೆ ಎಂಬುದಕ್ಕೆ ಉತ್ತರ ಶಾಲೆಯ ಹೊರಗಿದೆ. 1930ರ ದಶಕದಲ್ಲಿ ಫೆಡರಲ್ ಸರ್ಕಾರದ ಗೃಹಸಾಲ ಸಂಸ್ಥೆ ನಗರಗಳ ನಕ್ಷೆ ಬರೆಸಿ, ಆಫ್ರಿಕನ್ ಅಮೆರಿಕನ್ನರು ವಾಸವಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಕೆಂಪು ಎಂದರೆ ಸಾಲಕ್ಕೆ ಅಪಾಯ. 1954ರ ಬ್ರೌನ್ ತೀರ್ಪು ಬಣ್ಣದ ಮೇಲೆ ಶಾಲೆ ಬೇರೆ ಮಾಡುವುದನ್ನು ನಿಷೇಧಿಸಿತು. ಆದರೆ 1974ರ ಮಿಲಿಕನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಐದಕ್ಕೆ ನಾಲ್ಕು ಮತಗಳಿಂದ, ಡೆಟ್ರಾಯಿಟ್ ನಗರದ ಮಕ್ಕಳನ್ನೂ ಸುತ್ತಲಿನ ಉಪನಗರಗಳ ಮಕ್ಕಳನ್ನೂ ಬೆರೆಸುವ ಯೋಜನೆಯನ್ನು ತಡೆಯಿತು. ಡಿಸ್ಟ್ರಿಕ್ಟ್‌ನ ಗಡಿ ದಾಟಬೇಕಿಲ್ಲ ಎಂದಾಯಿತು. ಅದಕ್ಕೆ ಹಿಂದಿನ ವರ್ಷ, 1973ರಲ್ಲಿ, ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಪ್ರಕರಣದಲ್ಲಿ, ಮತ್ತೆ ಐದಕ್ಕೆ ನಾಲ್ಕರಿಂದ, ಆಸ್ತಿ ತೆರಿಗೆಯ ಮೇಲೆ ನಿಂತ ಶಾಲಾ ಹಣದ ಅಸಮಾನತೆ ಫೆಡರಲ್ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತ್ತು. ಮನೆಯ ಬೆಲೆ, ತೆರಿಗೆ, ಶಾಲೆಯ ಹಣ, ಶಾಲೆಯ ಹೆಸರು, ಮತ್ತೆ ಮನೆಯ ಬೆಲೆ. ಈ ಸುತ್ತು ಹಾಗೆ ಕಟ್ಟಲ್ಪಟ್ಟಿತು. ರಾಜ್ಯಗಳು ಆಮೇಲೆ ಹಣಕಾಸಿನ ಸೂತ್ರ ಬದಲಿಸಿ ಅಂತರವನ್ನು ಸ್ವಲ್ಪ ತಗ್ಗಿಸಿವೆ. 1965ರಿಂದ ಟೈಟಲ್ 1 ಹೆಸರಿನ ಫೆಡರಲ್ ನೆರವು ಬಡ ಮಕ್ಕಳಿರುವ ಶಾಲೆಗೆ ಬರುತ್ತಿದೆ. ಆದರೂ ಶಾಲೆಗಳ ಒಟ್ಟು ಹಣದಲ್ಲಿ ಫೆಡರಲ್ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದರಷ್ಟೇ.

ಈ ಸುತ್ತಿನಲ್ಲಿ ನಾವೂ ಇದ್ದೇವೆ. ಶಾರಿಖ್ ಹಸನ್ ಮತ್ತು ಅನುಜ್ ಕುಮಾರ್ ಎಂಬ ಸಂಶೋಧಕರು ಆನ್‌ಲೈನ್ ರೇಟಿಂಗ್ ಬಂದ ಮೇಲೆ ಬಡಾವಣೆಗಳಿಗೆ ಏನಾಯಿತು ಎಂದು ನೋಡಿದರು. ಎಲ್ಲರಿಗೂ ಮಾಹಿತಿ ಸಿಕ್ಕರೆ ಅಂತರ ಕಡಿಮೆಯಾಗಬೇಕಿತ್ತು. ಆದದ್ದು ಬೇರೆ. ಆ ಮಾಹಿತಿಯನ್ನು ಬಳಸಿಕೊಳ್ಳಲು ಹಣವಿದ್ದ, ಓದಿದ ಕುಟುಂಬಗಳು ಹೆಚ್ಚು ರೇಟಿಂಗ್ ಇದ್ದ ಕಡೆಗೆ ಹೋದವು, ಮನೆಯ ಬೆಲೆಗಳೂ ಜನರ ಆದಾಯವೂ ಬಡಾವಣೆಗಳ ನಡುವೆ ಇನ್ನಷ್ಟು ದೂರವಾದವು. ನಮಗೆ ಆ ಹಣವಿದೆ, ಆಯ್ಕೆ ಇದೆ, ಆದ್ದರಿಂದ ಅಂಕಿಯನ್ನು ಸರಿಯಾಗಿ ಓದುವ ಹೊಣೆಯೂ ಇದೆ ಎಂದು ನಾನು ನಂಬುತ್ತೇನೆ.

ಕೊನೆಯದಾಗಿ ಹಾಜರಾತಿ. ಪುಟದ ಮೂಲೆಯಲ್ಲೆಲ್ಲೋ ಇರುವ ಈ ಸಾಲನ್ನು ನಾನು ರೇಟಿಂಗ್‌ಗಿಂತ ಮೊದಲು ನೋಡುತ್ತೇನೆ. ಶಾಲೆಯ ದಿನಗಳಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು ತಪ್ಪಿಸಿಕೊಂಡರೆ ‘ಕ್ರಾನಿಕ್ ಆಬ್ಸೆನ್ಸ್’. 180 ದಿನದ ವರ್ಷದಲ್ಲಿ 18 ದಿನ, ತಿಂಗಳಿಗೆ ಎರಡೇ ದಿನ. ಕೋವಿಡ್‌ಗೆ ಮೊದಲು ದೇಶದಲ್ಲಿ ಸುಮಾರು ಶೇ. 15 ಮಕ್ಕಳು ಹೀಗಿದ್ದರು, 2021-22ರಲ್ಲಿ ಅದು ಸುಮಾರು ಶೇ. 28ಕ್ಕೆ ಏರಿತು. ನಗರದ ಮಕ್ಕಳಿಗೆ ಇದರ ಹಿಂದೆ ಅಸ್ತಮಾ ಇರುತ್ತದೆ, ತೇವ ಹಿಡಿದ ಬಾಡಿಗೆ ಮನೆ ಇರುತ್ತದೆ, ತಾಯಿಯ ರಾತ್ರಿ ಪಾಳಿ ಇರುತ್ತದೆ. ಇಂಥ ಶಾಲೆಯಲ್ಲಿ ನರ್ಸ್ ವಾರವಿಡೀ ಇದ್ದಾರೋ ಒಂದೇ ದಿನ ಬರುತ್ತಾರೋ ಎಂಬುದು ಓದಿನ ಪ್ರಶ್ನೆಯೇ. ಹಾಜರಾತಿ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದ್ದರೆ ಒಳಗೆ ಯಾರೋ ಮನೆಮನೆಗೆ ಫೋನ್ ಮಾಡುತ್ತಿದ್ದಾರೆ ಎಂದು ತಿಳಿಯಿರಿ.

ಪ್ರಶ್ನೋತ್ತರದಿಂದ

ಒಬ್ಬ ತಂದೆ ಕೇಳಿದರು: ‘ಮೇಡಂ, ಇದೆಲ್ಲ ಸರಿ. ಆದರೆ ಸಹಪಾಠಿಗಳ ಹಿನ್ನೆಲೆ ಮುಖ್ಯ ಅಂತ ಕೋಲ್‌ಮನ್ ಹೇಳಿದ್ದನ್ನು ನೀವೇ ಹೇಳಿದಿರಿ. ರೇಟಿಂಗ್ ಐದಿರುವ ಶಾಲೆಗೆ ಹಾಕಿದರೆ ನಮ್ಮ ಮಗು ಹಿಂದೆ ಬೀಳುವುದಿಲ್ಲವೇ?’

ನೇರ ಪ್ರಶ್ನೆ, ನೇರವಾಗಿಯೇ ಉತ್ತರಿಸಿದೆ. ಎಲ್ಲ ಶಾಲೆಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕೆಟ್ಟದಾಗಿ ನಡೆಯುವ ಶಾಲೆಗಳಿವೆ, ಅಂಥವು ಹೆಚ್ಚು ರೇಟಿಂಗ್ ಇರುವ ಕಡೆಯೂ ಇವೆ. ಮೊದಲು ನಿಮ್ಮ ಮಗುವಿನಂಥ ಹಿನ್ನೆಲೆಯ ಮಕ್ಕಳು ಅಲ್ಲಿ ಹೇಗೆ ಕಲಿಯುತ್ತಿದ್ದಾರೆ ಎಂದು ಗುಂಪುವಾರು ಸಾಲಿನಲ್ಲಿ ನೋಡಿ. ಆಮೇಲೆ ಪ್ರಗತಿಯ ಅಂಕಿ. ಆಮೇಲೆ ಶಾಲೆಗೆ ಹೋಗಿ. ಕಿಂಡರ್‌ಗಾರ್ಟನ್ ಶಿಕ್ಷಕಿಯನ್ನು ಕೇಳಿ: ಡಿಸೆಂಬರ್ ಹೊತ್ತಿಗೆ ಯಾವ ಮಗುವಿಗೆ ಅಕ್ಷರ ಕೂಡಿಸಲು ಬರುತ್ತಿಲ್ಲ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಆ ಮಗುವಿನ ಜೊತೆ ಯಾರು ಕೂರುತ್ತಾರೆ, ದಿನದ ಯಾವ ಹೊತ್ತಿನಲ್ಲಿ? ಹೆಸರು, ವೇಳೆ, ಪುಸ್ತಕ ಸಮೇತ ಉತ್ತರ ಬಂದರೆ ಅದು ಒಳ್ಳೆಯ ಶಾಲೆ. ‘ಪ್ರತಿ ಮಗುವೂ ನಮಗೆ ಮುಖ್ಯ’ ಎಂಬಷ್ಟೇ ಉತ್ತರ ಬಂದರೆ ರೇಟಿಂಗ್ ಒಂಬತ್ತಿದ್ದರೂ ನಾನು ಯೋಚಿಸುತ್ತೇನೆ. ಗಣಿತದಲ್ಲಿ ಮುಂದಿರುವ ಮಗುವಿಗೆ ಏನು ಕೊಡುತ್ತೀರಿ ಎಂದೂ ಕೇಳಿ. ಮುಜುಗರ ಬೇಡ, ಅದೂ ನ್ಯಾಯವಾದ ಪ್ರಶ್ನೆ.

ಬಡ ರಾಜ್ಯ ಇಡಿಯಾಗಿ ಮೇಲೆ ಬಂದ ಉದಾಹರಣೆ ಇದೆಯೇ ಎಂದು ಇನ್ನೊಬ್ಬರು ಕೇಳಿದರು. ಮಿಸಿಸಿಪ್ಪಿ. ದೇಶದ ಅತಿ ಬಡ ರಾಜ್ಯಗಳಲ್ಲಿ ಒಂದು. 4ನೇ ಗ್ರೇಡ್ ಓದಿನಲ್ಲಿ 2013ರಲ್ಲಿ 49ನೇ ಸ್ಥಾನ, 2024ರಲ್ಲಿ 9ನೇ ಸ್ಥಾನ. ಅಕ್ಷರದ ಸದ್ದಿನಿಂದ ಓದು ಕಲಿಸುವ ವಿಧಾನದಲ್ಲಿ ಶಿಕ್ಷಕರಿಗೆ ತರಬೇತಿ, ಶಾಲೆಗಳಿಗೆ ಓದಿನ ಮಾರ್ಗದರ್ಶಕರು, ಮೂರನೇ ಗ್ರೇಡ್‌ನಲ್ಲಿ ಓದಲು ಬಾರದಿದ್ದರೆ ಮುಂದಕ್ಕೆ ಕಳಿಸದ ನಿಯಮ. ಕೊನೆಯದರ ಬಗ್ಗೆ ವಾದವಿದೆ. ಮಕ್ಕಳನ್ನು ತಡೆಹಿಡಿಯುವುದರಿಂದ ಅಂಕಿ ಎಷ್ಟು ಏರಿತು ಎಂದು ಕೇಳುವವರಿದ್ದಾರೆ, ಕೇಳಬೇಕು. ಆದರೆ ಅಲ್ಲಿನ ಮಕ್ಕಳ ಮನೆಯ ಆದಾಯ ಆ ಹನ್ನೊಂದು ವರ್ಷದಲ್ಲಿ ಹಾಗೆ ಮೇಲೇರಿರಲಿಲ್ಲ.

ಕೊನೆಗೆ ಒಬ್ಬ ತಾಯಿ ಎದ್ದುನಿಂತು, ಸ್ವಲ್ಪ ಸಂಕೋಚದಿಂದಲೇ ಕೇಳಿದ ಪ್ರಶ್ನೆ: ‘ಶಾಲೆಗೆ ಸೇರಿಸುವಾಗ ಮನೆಯ ಭಾಷೆ ಯಾವುದು ಅಂತ ಫಾರಂ ಕೊಡ್ತಾರೆ. ಕನ್ನಡ ಅಂತ ಬರೆದರೆ ಮಗುವನ್ನು ಇಂಗ್ಲಿಷ್ ಬಾರದವರ ಗುಂಪಿಗೆ ಹಾಕ್ತಾರೆ, ಇಂಗ್ಲಿಷ್ ಅಂತಲೇ ಬರೆದುಬಿಡಿ ಅಂತ ಸ್ನೇಹಿತರು ಹೇಳ್ತಾರೆ. ಏನು ಬರೆಯೋದು?’

ಕನ್ನಡ ಎಂದೇ ಬರೆಯಿರಿ. ಆ ಫಾರಂ ಬಂದಿರುವುದು 1974ರ ಲಾವ್ ತೀರ್ಪಿನ ಹಿನ್ನೆಲೆಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಕುಟುಂಬಗಳು, ಅರ್ಥವಾಗದ ಭಾಷೆಯಲ್ಲಿ ಮಕ್ಕಳನ್ನು ಸುಮ್ಮನೆ ಕೂರಿಸಿದರೆ ಅದು ಶಿಕ್ಷಣವಲ್ಲ ಎಂದು ಹೋರಾಡಿ ಗೆದ್ದ ಪ್ರಕರಣ ಅದು. ಫಾರಂ ನೋಡಿ ಯಾರನ್ನೂ ಗುಂಪಿಗೆ ಸೇರಿಸುವುದಿಲ್ಲ. ಶಾಲೆ ತೆರೆದ 30 ದಿನದೊಳಗೆ ಮಗುವಿಗೊಂದು ಪರೀಕ್ಷೆ ಮಾಡುತ್ತಾರೆ. ಇಂಗ್ಲಿಷ್ ಸರಾಗವಾಗಿದ್ದರೆ ಅಲ್ಲಿಗೆ ಮುಗಿಯಿತು. ನೆರವು ಬೇಕು ಎಂದು ಬಂದರೆ ನಿಮಗೆ ಪತ್ರ ಬರುತ್ತದೆ. ಆ ವಿಶೇಷ ತರಗತಿ ಬೇಡ ಎನ್ನುವ ಹಕ್ಕು ನಿಮಗಿದೆ. ಬೇಡ ಎಂದರೂ ಇಂಗ್ಲಿಷ್ ಪೂರ್ತಿ ಬರುವವರೆಗೆ ಮಗು ವರ್ಷಕ್ಕೊಮ್ಮೆ ಆ ಪರೀಕ್ಷೆ ಬರೆಯಬೇಕಾಗುತ್ತದೆ. ಮನೆಗೆ ಬರುವ ಮುಖ್ಯ ಮಾಹಿತಿ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬೇಕೆಂದು ಕೇಳುವ ಹಕ್ಕೂ ಇದೆ. ನಿಮಗೆ ಬೇಡವಾದರೂ ಊರಿನಿಂದ ಬಂದು ಮೊಮ್ಮಗನನ್ನು ನೋಡಿಕೊಳ್ಳುವ ಅಜ್ಜಿಗೆ ಅದು ಬೇಕಾಗಬಹುದು. ಡಿಸ್ಟ್ರಿಕ್ಟ್‌ನ ಕಚೇರಿಯಲ್ಲಿ ಯಾವ ಭಾಷೆಗೆ ದುಭಾಷಿ ಬೇಕು ಎಂದು ತೀರ್ಮಾನಿಸುವವರು ನೋಡುವುದು ಆ ಫಾರಂಗಳನ್ನೇ.